ಬೂದಿ ಬಣ್ಣ ಅಂದ್ರೆ ಬೇಡ, ಮ್ಯಾಗ್ಮಾ ಗ್ರೇ ಅಂದ್ರೆ ಬೇಕು!

ಗೇಟಿಗೆ ತಾಗಿ ಕಾರಿನ ಬಾಗಿಲಿಗೆ ಉದ್ದಕ್ಕೆ ಗೀರು ಬಿತ್ತು. ಆಗಲೇ ಗೊತ್ತಾಗಿದ್ದು, ನಮ್ಮ ಕಾರಿನ ಬಣ್ಣ ಯಾವುದು ಅಂತ ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ ಅಂತ.

ಆರ್‌ಸಿಯಲ್ಲಿ ‘ಮೆಟಾಲಿಕ್ ಮ್ಯಾಗ್ಮಾ ಗ್ರೇ’ ಎಂದಿದೆ. ಮ್ಯಾಗ್ಮಾ ಅಂದರೆ ಭೂಮಿಯೊಳಗೆ ಕುದಿಯುವ ಶಿಲಾರಸ. ಚಾಂಪಿಯನ್ ರೀಫ್ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದ ನಮ್ಮ ಅಜ್ಜಂದಿರೂ ಅದನ್ನು ಕಂಡವರಲ್ಲ!

ಉರಿಗಾಂನ ಪೇಂಟಿಂಗ್ ಶೆಡ್ಡಿಗೆ ಹೋದೆವು. ಮೇಸ್ತ್ರಿ ತಮಿಳಿನವರು, ‘ಸಾಂಬಲ್ ಕಲರ್’ ಅಂದರು. ಕೆಲಸದ ಹುಡುಗ ತೆಲುಗಿನಲ್ಲಿ ‘ಬೂಡಿದ ರಂಗು’ ಅಂದ. ನಾನು ‘ಬೂದು’ ಅಂದೆ. ಮೂರೂ ಒಂದೇ, ಒಲೆಯಲ್ಲಿ ಉಳಿಯುವ ಬೂದಿ. ಮೂರು ಭಾಷೆಯೂ ಒಪ್ಪಿದ ಮೇಲೆ ಇನ್ನೇನು ಅಂತ ಕಣ್ಣಳತೆಯಲ್ಲೇ ಬಣ್ಣ ಕಲಸಿ ಹೊಡೆದರು. ಒಣಗಿದ ಮೇಲೆ ನೋಡಿದರೆ ಬಾಗಿಲೇ ಒಂದು ಬಣ್ಣ, ಕಾರೇ ಒಂದು ಬಣ್ಣ.

ಕಾರು ಮಾರಿ ಮಗಳ ಕಾಲೇಜು ಫೀಸು ಕಟ್ಟಬೇಕಿತ್ತು. ನೋಡೋಕೆ ಬಂದವರೆಲ್ಲ ಆ ಬಾಗಿಲನ್ನೇ ನೋಡಿ, ‘ಆಕ್ಸಿಡೆಂಟ್ ಗಾಡಿನಾ ಅಕ್ಕಾ?’ ಅಂತ ಕೇಳಿ ರೇಟು ಇಳಿಸುತ್ತಿದ್ದರು.

ಕೊನೆಗೆ ದಾರಿ ತೋರಿಸಿದ್ದು ಹೆಸರಲ್ಲ, ಕೋಡ್. ಬಾನೆಟ್ ಒಳಗೋ, ಡ್ರೈವರ್ ಬಾಗಿಲಿನ ಕಂಬದ ಮೇಲೋ, ಕೆಲವು ಕಾರುಗಳಲ್ಲಿ ಡಿಕ್ಕಿಯಲ್ಲೋ ಒಂದು ಪಟ್ಟಿ ಇರುತ್ತದೆ. ಪೇಂಟ್ ಅಂಗಡಿಯವರು ಬಣ್ಣ ಬೆರೆಸಬೇಕಾದದ್ದು ಅದರಲ್ಲಿರುವ ಕೋಡ್ ನೋಡಿ. ಹೋಂಡಾದ ಎನ್‌ಎಚ್578 ನಮ್ಮಲ್ಲಿ ‘ಟಫೆಟಾ ವೈಟ್’, ಬ್ರೆಜಿಲ್‌ನಲ್ಲಿ ‘ಬ್ರಾಂಕು ತಫೆಟಾ’. ಫೋಕ್ಸ್‌ವ್ಯಾಗನ್‌ನ ಎಲ್‌ಎ7ಡಬ್ಲ್ಯು ಜರ್ಮನಿಯಲ್ಲಿ ‘ರಿಫ್ಲೆಕ್ಸ್‌ಸಿಲ್ಬರ್’, ಇಲ್ಲಿ ‘ರಿಫ್ಲೆಕ್ಸ್ ಸಿಲ್ವರ್’. ಊರು ಬದಲಾದಂತೆ ಹೆಸರಿನ ವೇಷ ಬದಲಾಗುತ್ತದೆ, ಕೋಡ್ ಬದಲಾಗುವುದಿಲ್ಲ. ಹಾಗಂತ ಕೋಡ್ ಒಂದೇ ಸಾಲದು. ಬಿಸಿಲಿಗೆ ಹಳೇ ಬಣ್ಣ ಮಾಸಿರುತ್ತದಲ್ಲ, ಅದಕ್ಕೆ ಹೊಂದುವಂತೆ ಮೇಸ್ತ್ರಿ ಒಂಚೂರು ತಿದ್ದಲೇಬೇಕು.

ಹೆಸರು ಇರುವುದು ಮಾರೋಕೆ. ಮಹೀಂದ್ರ ಕರಿ ಬಣ್ಣಕ್ಕೆ ಇಟಲಿಯ ಊರಿನ ಹೆಸರಿಟ್ಟು ‘ನಾಪೊಲಿ ಬ್ಲ್ಯಾಕ್’ ಅಂದಿತು. ಇಟಲಿಯ ಫಿಯಟ್ ಇಲ್ಲಿ ಪುಂಟೊ ಮಾರುವಾಗ ಕರಿ ಬಣ್ಣಕ್ಕೆ ‘ಹಿಪ್ ಹಾಪ್ ಬ್ಲ್ಯಾಕ್’, ಬಿಳಿಗೆ ‘ಬೋಸಾ ನೋವಾ ವೈಟ್’ ಅಂದಿತು. ಎರಡೂ ಸಂಗೀತದ ಹೆಸರು, ಒಂದೂ ಇಟಲಿಯದ್ದಲ್ಲ. ನಗಬೇಡಿ, ರೇಷ್ಮೆ ಸೀರೆಯಲ್ಲಿ ‘ಎಂ.ಎಸ್. ಬ್ಲೂ’ ಕೇಳಿ ಪಡೆಯುವವರು ನಾವೇ. ಎಂ.ಎಸ್. ಸುಬ್ಬುಲಕ್ಷ್ಮಿ ಅವರ ಹೆಸರು ಬಿಟ್ಟು ಬರೀ ‘ನೀಲಿ’ ಅಂದಿದ್ದರೆ ಅಷ್ಟು ಜನ ಕೊಳ್ಳುತ್ತಿದ್ದರೇ?

ನಮ್ಮೂರ ಮಾತಿನಲ್ಲಾದರೆ ಕಣ್ಣಿಗೆ ಕಾಣುವುದೇ ಹೆಸರು. ಬೆಮೆಲ್ ಬುಲ್ಡೋಜರ್ ಹಳದಿ ಅಂದರೆ ಬಂಗಾರಪೇಟೆವರೆಗೂ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಸೈನೈಡ್ ದಿಬ್ಬದ ಬಣ್ಣ ಅಂದರೂ ಅಷ್ಟೇ. ಆದರೆ ಯಾವ ಕಂಪನಿ ‘ಸೈನೈಡ್ ಬೀಜ್’ ಅಂತ ಕಾರು ಮಾರೀತು?

ಒಂದು ಮಾತು: ಇಡೀ ಕಾರಿನ ಬಣ್ಣ ಬದಲಿಸಿದರೆ ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ಬರೆಸಿಕೊಳ್ಳಿ. ಗೀರಿಗೆ ಅದೇ ಬಣ್ಣ ಹಚ್ಚಿಸಿದರೆ ಆ ತಾಪತ್ರಯ ಇಲ್ಲ.

ಕೋಡ್ ಕೊಟ್ಟು ಬಾಗಿಲಿಗೆ ಎರಡನೇ ಸಲ ಬಣ್ಣ ಹೊಡೆಸಿದ ಮೇಲೆ ಕಾರು ಹೋಯಿತು, ನಾವು ಅಂದುಕೊಂಡದ್ದಕ್ಕಿಂತ ಸ್ವಲ್ಪ ಕಡಿಮೆಗೆ. ಕೊಂಡವರ ಜೊತೆ ಬಂದಿದ್ದ ಅಜ್ಜಿ ಬೂದಿ ಬಣ್ಣ ಅಂತ ಮೊದಲು ಮುಖ ಸಿಂಡರಿಸಿದ್ದರು. ನಮ್ಮಮ್ಮ ಸುಮ್ಮನಿರಲಿಲ್ಲ. ‘ಬೂದಿ ಅಲ್ಲ ಕಣ್ರೀ, ವಿಭೂತಿ ಬಣ್ಣ’ ಅಂದುಬಿಟ್ಟರು!