ಮಳೆಗೆ ಮುನ್ನ ದುರಸ್ತಿ, ಮಾರ್ಚ್‌ಗೆ ಮುನ್ನ ಲೆಕ್ಕ: ಮಲೆನಾಡಿನ ಸರ್ಕಾರಿ ಕಾಲೇಜುಗಳ ಹಣಕಾಸು ನಿರ್ವಹಣೆ

ಸಕಲೇಶಪುರ: ದೋಣಿಗಲ್ ಸುತ್ತಲಿನ ತೋಟ ಕಾರ್ಮಿಕರು ಹಾಗೂ ಸಣ್ಣ ಬೆಳೆಗಾರರ ಮಕ್ಕಳಿಗೆ ಪದವಿ ಶಿಕ್ಷಣ ಕೈಗೆಟಕುವುದು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿಂದ. ಇಂತಹ ಕಾಲೇಜಿಗೆ ಎಷ್ಟು ಹಣ ಬರುತ್ತದೆ ಎಂಬುದರಷ್ಟೇ, ಅದು ಯಾವಾಗ ಬರುತ್ತದೆ, ಯಾವ ಬಾಬ್ತಿಗೆ ಬರುತ್ತದೆ ಎಂಬುದೂ ಮುಖ್ಯ.

ಹಣದ ಮೂಲಗಳು

ಕಾಯಂ ಸಿಬ್ಬಂದಿಯ ವೇತನವನ್ನು ರಾಜ್ಯ ಸರ್ಕಾರ ಖಜಾನೆಯ ಮೂಲಕ ಭರಿಸುತ್ತದೆ. ಈ ಹಣವನ್ನು ಪ್ರಾಂಶುಪಾಲರು ಬೇರೆ ವೆಚ್ಚಕ್ಕೆ ತಿರುಗಿಸುವಂತಿಲ್ಲ. ವಿದ್ಯಾರ್ಥಿ ಶುಲ್ಕದಲ್ಲಿ ಒಂದು ಭಾಗ ಸರ್ಕಾರಕ್ಕೆ ಜಮೆಯಾದರೆ, ಗ್ರಂಥಾಲಯ, ಕ್ರೀಡೆ ಮೊದಲಾದ ಬಾಬ್ತುಗಳ ಹಣ ಕಾಲೇಜಿನ ಮಟ್ಟದಲ್ಲಿ ಬಳಕೆಯಾಗುತ್ತದೆ. ಸ್ಥಳೀಯ ಶಾಸಕರ ಅಧ್ಯಕ್ಷತೆಯ ಕಾಲೇಜು ಅಭಿವೃದ್ಧಿ ಸಮಿತಿ ಮತ್ತೊಂದು ಆಸರೆ.

ಕೇಂದ್ರದ ನೆರವಿಗಾಗಿ 2013ರಲ್ಲಿ 'ರುಸಾ' ಯೋಜನೆ ಆರಂಭವಾಯಿತು. 2023ರಲ್ಲಿ ಅದು 'ಪಿಎಂ-ಉಷಾ' ಎಂಬ ಹೊಸ ರೂಪ ಪಡೆಯಿತು. ಕರ್ನಾಟಕದಂತಹ ರಾಜ್ಯಗಳಿಗೆ ಕೇಂದ್ರ ಮತ್ತು ರಾಜ್ಯದ ಪಾಲು 60:40.

ಎರಡು ಪಂಚಾಂಗ

ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ವೆಚ್ಚವಾಗದ ಬಜೆಟ್ ಅನುದಾನ ವ್ಯಪಗತವಾಗುತ್ತದೆ. ಮಲೆನಾಡಿನಲ್ಲಿ ಜೂನ್‌ಗೆ ಮುಂಗಾರು ಕಾಲಿಡುತ್ತದೆ. ಛಾವಣಿ ದುರಸ್ತಿ, ಚರಂಡಿ ಸ್ವಚ್ಛತೆ, ವಿದ್ಯುತ್ ತಂತಿಗಳ ತಪಾಸಣೆ ಅದಕ್ಕೆ ಮುನ್ನ ಮುಗಿಯಬೇಕು. ಹೊಸ ವರ್ಷದ ಅನುದಾನಕ್ಕೆ ಕಾದು ಕುಳಿತರೆ ಬೇಸಿಗೆ ಕಳೆದುಹೋಗುತ್ತದೆ. ಬಳಿಕ ಸೋರುವ ಕೊಠಡಿಯಲ್ಲಿ ಹಾಳಾಗುವುದು ಪುಸ್ತಕ ಹಾಗೂ ಕಂಪ್ಯೂಟರ್. ಕೆಲವು ಹೆಂಚು ಬದಲಿಸಲು ಹಿಂಜರಿದುದರ ಬೆಲೆ ಇಡೀ ಪ್ರಯೋಗಾಲಯವಾಗಬಹುದು.

ಆದ್ದರಿಂದ ದುರಸ್ತಿಯ ಅಂದಾಜು ಪಟ್ಟಿ ಡಿಸೆಂಬರ್ ಇಲ್ಲವೇ ಜನವರಿಯಲ್ಲೇ ಸಿದ್ಧವಾಗುವುದು ಲೇಸು. ಆಗ ವರ್ಷಾಂತ್ಯಕ್ಕೆ ಉಳಿಯುವ ಹಣ ಅವಸರದ ಪೀಠೋಪಕರಣ ಖರೀದಿಯ ಬದಲು ಅಗತ್ಯ ಕೆಲಸಕ್ಕೆ ಸಲ್ಲುತ್ತದೆ. ಆದರೆ ಬಾಬ್ತು ಬದಲಿಸಲು ಮೇಲಿನ ಅಧಿಕಾರಿಗಳ ಅನುಮತಿ ಬೇಕು. ಖರೀದಿಗೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ಅನ್ವಯಿಸುತ್ತದೆ. ಮಾರ್ಚ್ ಕೊನೆಯ ವಾರದಲ್ಲಿ ಆರಂಭಿಸಿದರೆ ಈ ವಿಧಿಗಳಿಗೆ ಸಮಯ ಸಾಲದು.

ಪಾಠಕ್ಕೂ ಲೆಕ್ಕ

2022ರ ಜನವರಿಯಲ್ಲಿ ಸರ್ಕಾರ ಅತಿಥಿ ಉಪನ್ಯಾಸಕರ ಗೌರವಧನವನ್ನು ಗರಿಷ್ಠ 32 ಸಾವಿರ ರೂಪಾಯಿಗೆ ಏರಿಸಿ, ವಾರದ ಬೋಧನಾ ಅವಧಿಯನ್ನು 15 ಗಂಟೆಗೆ ಹೆಚ್ಚಿಸಿತು. ಒಬ್ಬರಿಗೆ ಹೆಚ್ಚು ಅವಧಿ ದೊರೆತಾಗ ಅಷ್ಟೇ ಪಾಠಕ್ಕೆ ಕಡಿಮೆ ಜನ ಸಾಕು. ಕೆಲಸ ಕಳೆದುಕೊಳ್ಳುವ ಆತಂಕ ಹುಟ್ಟಿದ್ದು ಇದರಿಂದಲೇ. ಗೌರವಧನ ನಿಗದಿ ಕಾಲೇಜಿನ ಕೈಯಲ್ಲಿಲ್ಲ. ಆದರೆ ಕಾರ್ಯಭಾರದ ವಿವರ ಸಕಾಲದಲ್ಲಿ, ತಪ್ಪಿಲ್ಲದೆ ಇಲಾಖೆಗೆ ತಲುಪಿಸುವುದು ಅದರ ಹೊಣೆ. ಅದು ತಡವಾದಷ್ಟೂ ತರಗತಿ ಖಾಲಿ ಉಳಿಯುವ ಅಪಾಯ ಹೆಚ್ಚು.

ಅನುಸರಿಸಬಹುದಾದ ಕ್ರಮಗಳು

* ಬಾಬ್ತುವಾರು ಅನುದಾನ, ವೆಚ್ಚ ಮತ್ತು ಬಾಕಿಯನ್ನು ಮೂರು ತಿಂಗಳಿಗೊಮ್ಮೆ ಪರಿಶೀಲಿಸುವುದು.
* ಹೊಸ ಯಂತ್ರ ಕೊಳ್ಳುವಾಗಲೇ ಅದರ ವಾರ್ಷಿಕ ನಿರ್ವಹಣಾ ವೆಚ್ಚವನ್ನೂ ಲೆಕ್ಕ ಹಾಕುವುದು.
* ಯೋಜನಾ ಹಣದ ಬಳಕೆ ಪ್ರಮಾಣಪತ್ರವನ್ನು ಅವಧಿಯೊಳಗೆ ಸಲ್ಲಿಸುವುದು. ಇಲ್ಲವಾದರೆ ಮುಂದಿನ ಕಂತಿಗೆ ಅಡ್ಡಿ.
* ಅಭಿವೃದ್ಧಿ ಸಮಿತಿಯ ಜಮಾ-ಖರ್ಚನ್ನು ಸೂಚನಾ ಫಲಕದಲ್ಲಿ ಪ್ರಕಟಿಸುವುದು.

ಇವುಗಳಿಗೆ ಹೆಚ್ಚುವರಿ ಅನುದಾನ ಬೇಕಿಲ್ಲ. ಖಾಲಿ ಹುದ್ದೆ, ಕಟ್ಟಡದ ಕೊರತೆಯಂತಹ ದೊಡ್ಡ ಸಮಸ್ಯೆಗಳನ್ನು ಇವು ನೀಗಿಸಲಾರವು. ಅದು ಸರ್ಕಾರದ ಹೊಣೆ. ಆದರೆ ಬಂದ ಹಣ ವ್ಯರ್ಥವಾಗದಂತೆ ಕಾಯುವುದು ಕಾಲೇಜಿಗೇ ಸಾಧ್ಯವಿರುವ ಕೆಲಸ.