ಮಗುವಿಗೆ ಬೇಳೆ ಕಟ್ಟು ಸಾಲದು, ಬೇಳೆಯೇ ಬೇಕು: ಆರು ತಿಂಗಳಾದ ಮೇಲೆ ಕಬ್ಬಿಣಾಂಶ ಎಲ್ಲಿಂದ?

ಮನೆಯಲ್ಲಿ ಬಸ್ಸಾರು ಮಾಡಿದ ದಿನ ಹತ್ತು ತಿಂಗಳ ಮಗುವಿನ ತಟ್ಟೆ ಗಮನಿಸಿ. ಮೆತ್ತಗೆ ಹಿಸುಕಿದ ಅನ್ನ, ಅದರ ಮೇಲೆ ಖಾರ ಹಾಕುವ ಮುಂಚೆ ತೆಗೆದಿಟ್ಟ ಎರಡು ಚಮಚ ಕಟ್ಟು, ಸ್ವಲ್ಪ ತುಪ್ಪ. ಬಸಿದ ಸೊಪ್ಪು, ಕಾಳು ಮಾತ್ರ ಒಗ್ಗರಣೆ ಹಾಕಿಸಿಕೊಂಡು ದೊಡ್ಡವರ ಪಾಲಾಗುತ್ತದೆ. ಕೇಳಿದರೆ, "ಮಗೂಗೆ ಜೀರ್ಣ ಆಗಲ್ಲ" ಅನ್ನೋ ಉತ್ತರ. ಆದರೆ ಮಗುವಿಗೆ ಬೇಕಾದ ಕಬ್ಬಿಣಾಂಶದ ಹೆಚ್ಚಿನ ಪಾಲು ಇರೋದು ಆ ಸೊಪ್ಪು-ಕಾಳಿನಲ್ಲೇ. ಬರೀ ಕಟ್ಟಿನಲ್ಲಿ ಹೆಚ್ಚಾಗಿ ನೀರೇ.

ಇದು ಸಣ್ಣ ವಿಷಯ ಅಂತ ಅನ್ನಿಸಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ ಇದೆ. ಅದಕ್ಕೂ ಹಿಂದಿನ, 2015-16ರ ಸಮೀಕ್ಷೆಯಲ್ಲಿ ಇದು ಶೇ. 60.9 ಇತ್ತು. ಅಂದರೆ ಮೂವರು ಮಕ್ಕಳಲ್ಲಿ ಇಬ್ಬರ ರಕ್ತದಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆ. ರಕ್ತಹೀನತೆಗೆ ಜಂತುಹುಳು, ಮಲೇರಿಯಾದಂತಹ ಬೇರೆ ಕಾರಣಗಳೂ ಉಂಟು. ಆದರೂ ದೊಡ್ಡ ಕಾರಣ ಕಬ್ಬಿಣಾಂಶದ ಕೊರತೆಯೇ.

ಆರು ತಿಂಗಳೇ ಯಾಕೆ ಮುಖ್ಯ?

ತುಂಬು ತಿಂಗಳಿಗೆ ಹುಟ್ಟಿದ ಮಗು ತಾಯಿಯ ಹೊಟ್ಟೆಯಿಂದಲೇ ಕಬ್ಬಿಣಾಂಶದ ಗಂಟು ಕಟ್ಟಿಕೊಂಡು ಬರುತ್ತದೆ. ಸುಮಾರು ಆರು ತಿಂಗಳ ತನಕ ಅದರಲ್ಲೇ ನಡೆಯುತ್ತದೆ. ಎದೆಹಾಲಿನಲ್ಲಿ ಕಬ್ಬಿಣ ಕಡಿಮೆ ಇದ್ದರೂ ಅಲ್ಲಿಯವರೆಗೆ ತೊಂದರೆ ಇಲ್ಲ. ಆರು ತಿಂಗಳಾಗುವ ಹೊತ್ತಿಗೆ ಗಂಟು ಖಾಲಿಯಾಗುತ್ತಾ ಬರುತ್ತದೆ, ಮಗು ಮಾತ್ರ ಜೋರಾಗಿ ಬೆಳೆಯುತ್ತಿರುತ್ತದೆ. ಎದೆಹಾಲು ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಮುಂದುವರಿಯಬೇಕು. ಆದರೆ ಕಬ್ಬಿಣಾಂಶ ಇನ್ನು ಮೇಲೆ ಊಟದಿಂದಲೇ ಬರಬೇಕು. ಕಡಿಮೆ ತೂಕದ ಅಥವಾ ಅವಧಿಗೆ ಮುಂಚೆ ಹುಟ್ಟಿದ ಮಗುವಿನಲ್ಲಿ ಸಂಗ್ರಹ ಇನ್ನೂ ಕಮ್ಮಿ. ಅಂಥ ಮಗುವಿಗೆ ಡ್ರಾಪ್ಸ್ ಯಾವಾಗ ಶುರು ಮಾಡಬೇಕು ಅಂತ ವೈದ್ಯರನ್ನು ಮೊದಲೇ ಕೇಳಬೇಕು.

ಮಿದುಳು ವೇಗವಾಗಿ ಬೆಳೆಯುವುದು ಮೊದಲ ಎರಡು ವರ್ಷದಲ್ಲೇ. ಆಗ ಕಬ್ಬಿಣಾಂಶ ಸಾಲದೇ ಹೋದರೆ ಕಲಿಕೆ, ಗಮನ, ಚಟುವಟಿಕೆ ಎಲ್ಲದರ ಮೇಲೂ ಪರಿಣಾಮ ಆಗುತ್ತದೆ. ಮುಂದೆ ಔಷಧಿ ಕೊಟ್ಟು ರಕ್ತ ಸರಿ ಮಾಡಿದರೂ ಆಗ ಆದ ನಷ್ಟ ಪೂರ್ತಿ ತುಂಬದೇ ಇರಬಹುದು.

ರಾಗಿ ಸರಿ ಒಳ್ಳೆಯದೇ, ಆದರೆ...

ನಮ್ಮ ಕಡೆ ಮಗುವಿನ ಮೊದಲ ಊಟ ರಾಗಿ ಸರಿ. ಇದನ್ನು ಬಿಡಬೇಕಾಗಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಬೇರೆ ಯಾವ ಧಾನ್ಯವೂ ಇದರ ಹತ್ತಿರ ಬರಲ್ಲ. ಆದರೆ ಕಬ್ಬಿಣ 4 ಮಿಲಿಗ್ರಾಂ ಆಸುಪಾಸು ಮಾತ್ರ. ಒಂದು ಹೊತ್ತಿನ ಸರಿಗೆ ಹಾಕೋದು ಎರಡು-ಮೂರು ಚಮಚ ಹಿಟ್ಟು. ಅದರಲ್ಲಿರುವ ಅಲ್ಪಸ್ವಲ್ಪ ಕಬ್ಬಿಣವನ್ನೂ ರಾಗಿಯಲ್ಲೇ ಇರುವ ಫೈಟೇಟ್ ಎಂಬ ಅಂಶ ಹಿಡಿದಿಟ್ಟುಕೊಳ್ಳುತ್ತದೆ. ಮೈಗೆ ಹತ್ತೋದು ಸ್ವಲ್ಪವೇ.

ಇದಕ್ಕೆ ಅಜ್ಜಿಯರ ಕಾಲದ ಉಪಾಯವೇ ಮದ್ದು. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು ಹಿಟ್ಟು ಮಾಡಿಸಿದರೆ ಫೈಟೇಟ್ ಕಡಿಮೆಯಾಗುತ್ತದೆ. ಮೂರು ಪಾಲು ರಾಗಿಗೆ ಒಂದು ಪಾಲು ಹುರಿದ ಹೆಸರುಬೇಳೆ ಅಥವಾ ಹುರಿಗಡಲೆ ಸೇರಿಸಿದರೆ ಪ್ರೋಟೀನ್ ಕೂಡ ಸಿಗುತ್ತದೆ.

ಸರಿ ನೀರಾಗಿರಬಾರದು. ಆರು ತಿಂಗಳ ಮಗುವಿನ ಹೊಟ್ಟೆಯಲ್ಲಿ ಒಂದು ಸಲಕ್ಕೆ ಹಿಡಿಯೋದು ಸುಮಾರು 200 ಮಿಲಿಲೀಟರ್. ಅಷ್ಟೂ ಜಾಗವನ್ನು ತಿಳಿ ಗಂಜಿ ತುಂಬಿಬಿಟ್ಟರೆ ಹೊಟ್ಟೆ ತುಂಬುತ್ತದೆ, ಮೈ ತುಂಬಲ್ಲ. ಚಮಚ ಓರೆ ಮಾಡಿದರೂ ಸುರಿದು ಹೋಗದಷ್ಟು ಗಟ್ಟಿ ಇರಬೇಕು.

ಹಾಲು, ಟೀ ಮಾಡುವ ಕಿತಾಪತಿ

"ದಿನಾ ಅರ್ಧ ಲೀಟರ್ ಹಾಲು ಕುಡಿತದೆ, ಇನ್ನೇನು ಬೇಕು?" ಅನ್ನೋ ಮನೆಗಳಲ್ಲೂ ರಕ್ತಹೀನತೆ ಇರುತ್ತದೆ. ಹಸುವಿನ ಹಾಲಿನಲ್ಲಿ ಕಬ್ಬಿಣ ತೀರಾ ಕಮ್ಮಿ. ಜೊತೆಗೆ ಅದು ಬೇರೆ ಊಟದ ಕಬ್ಬಿಣವನ್ನೂ ಹೀರಿಕೊಳ್ಳಲು ಬಿಡಲ್ಲ, ಹಸಿವನ್ನೂ ಕೊಲ್ಲುತ್ತದೆ. ಒಂದು ವರ್ಷ ತುಂಬುವವರೆಗೆ ಸರಿಯಲ್ಲಿ ಸ್ವಲ್ಪ ಬಳಸಬಹುದು, ಎದೆಹಾಲಿನ ಬದಲಿಗೆ ಕುಡಿಸೋದು ಬೇಡ.

ಇನ್ನೊಂದು, ಟೀಯಲ್ಲಿ ಅದ್ದಿದ ಬಿಸ್ಕತ್ತು. ಟೀಯಲ್ಲಿರುವ ಟ್ಯಾನಿನ್ ಕಬ್ಬಿಣಕ್ಕೆ ನೇರ ಶತ್ರು. ಬಿಸ್ಕತ್ತಿನಲ್ಲಿ ಇರೋದು ಹೆಚ್ಚಾಗಿ ಮೈದಾ, ಸಕ್ಕರೆ, ಎಣ್ಣೆ. ಬೆಳಿಗ್ಗೆ ಇದು ಹೊಟ್ಟೆ ಸೇರಿದರೆ ಮಗು ತಿಂಡಿ ಬೇಡ ಅನ್ನುತ್ತದೆ.

ಬೆಲ್ಲದಲ್ಲಿ ಕಬ್ಬಿಣ ಇದೆ ಅಂತ ನಂಬಿ ಚಮಚಗಟ್ಟಲೆ ಹಾಕುವವರೂ ಇದ್ದಾರೆ. ಮಗು ತಿನ್ನುವ ಪ್ರಮಾಣದಲ್ಲಿ ಅದರಿಂದ ದೊಡ್ಡ ಲಾಭ ಇಲ್ಲ, ಸಿಹಿಯ ಚಟ ಮಾತ್ರ ಹತ್ತುತ್ತದೆ. ಒಂದು ವರ್ಷದೊಳಗೆ ಜೇನುತುಪ್ಪ ನೆಕ್ಕಿಸಲೇಬಾರದು.

ಹಾಗಾದರೆ ಏನು ಕೊಡಬೇಕು?

ಬೇಳೆ, ಕಾಳು: ತೊಗರಿ, ಹೆಸರು, ಅಲಸಂದೆ, ಹುರುಳಿ ಯಾವುದಾದರೂ ಸರಿ. ಚೆನ್ನಾಗಿ ಬೇಯಿಸಿ, ಬೇಳೆಯನ್ನೇ ಹಿಸುಕಿ ಅನ್ನ ಅಥವಾ ಮೆತ್ತನೆ ಮುದ್ದೆಗೆ ಕಲಸಿ.

ಸೊಪ್ಪು: ನುಗ್ಗೆ, ದಂಟು, ಹರಿವೆ. ಎಳೆ ಎಲೆ ಬಿಡಿಸಿ ಬೇಳೆ ಜೊತೆಗೇ ಬೇಯಿಸಿ ಮಸೆದರೆ ಮಗುವಿಗೆ ಗೊತ್ತೂ ಆಗಲ್ಲ.

ಹುಳಿ: ಕೊನೆಯಲ್ಲಿ ನಾಲ್ಕು ಹನಿ ನಿಂಬೆರಸ ಹಿಂಡಿ. ಸೀಬೆ, ಕಿತ್ತಳೆ, ಟೊಮೆಟೊ ಆದರೂ ಆಯಿತು. ಇವುಗಳಲ್ಲಿರುವ ವಿಟಮಿನ್ ಸಿ ಇದ್ದರೆ ಸೊಪ್ಪು-ಕಾಳಿನ ಕಬ್ಬಿಣ ಹೆಚ್ಚು ಮೈಗೆ ಹತ್ತುತ್ತದೆ. ಹಾಲು ಬೆರೆಸಿದ ಸರಿಯನ್ನು ಬೆಳಿಗ್ಗೆಗೆ ಇಟ್ಟುಕೊಂಡು, ಬೇಳೆ-ಸೊಪ್ಪು-ನಿಂಬೆಯ ಊಟವನ್ನು ಮಧ್ಯಾಹ್ನ ಕೊಟ್ಟರೆ ಎರಡೂ ಕೆಲಸಕ್ಕೆ ಬರುತ್ತವೆ.

ಮೊಟ್ಟೆ, ಮಾಂಸ: ತಿನ್ನುವ ಮನೆಯವರು ಆರು ತಿಂಗಳಾದ ಮೇಲೆ ಪೂರ್ತಿ ಬೇಯಿಸಿದ ಮೊಟ್ಟೆ, ಮುಳ್ಳು ತೆಗೆದ ಮೀನು, ನುಣ್ಣಗೆ ಮಾಡಿದ ಮಾಂಸ ಶುರು ಮಾಡಬಹುದು. ಮಾಂಸದ ಕಬ್ಬಿಣ ಸುಲಭವಾಗಿ ರಕ್ತಕ್ಕೆ ಸೇರುತ್ತದೆ. ಮಗುವಿಗೆ ಬರೀ ಚಿಕನ್ ಸಾರು ಕೊಡೋದು ಮತ್ತೆ ಬೇಳೆ ಕಟ್ಟಿನ ಕಥೆಯೇ.

ಆರರಿಂದ ಎಂಟು ತಿಂಗಳವರೆಗೆ ದಿನಕ್ಕೆ ಎರಡು-ಮೂರು ಊಟ, ಒಂಬತ್ತರ ನಂತರ ಮೂರು-ನಾಲ್ಕು ಊಟ ಬೇಕು. ಶೇಂಗಾ, ಬಾದಾಮಿ ಇಡಿಯಾಗಿ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಪುಡಿ ಮಾಡಿ ಬೆರೆಸಿ.

ಆಶಾ ಕೊಡುವ ಸಿರಪ್ ಕಪಾಟಿನಲ್ಲಿದ್ದರೆ ಪ್ರಯೋಜನವಿಲ್ಲ

ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಆರು ತಿಂಗಳಿಂದ ಐದು ವರ್ಷದ ಮಕ್ಕಳಿಗೆ ಕಬ್ಬಿಣದ ಸಿರಪ್ ಉಚಿತ. ವಾರಕ್ಕೆ ಎರಡು ಸಲ, ಪ್ರತಿ ಸಲ 1 ಮಿಲಿಲೀಟರ್. ಅದರಲ್ಲಿ 20 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಕುಡಿಸಿದ ಮೇಲೆ ಮಲ ಕಪ್ಪಾಗುತ್ತದೆ. ಅದನ್ನು ನೋಡಿ ಹೆದರಿ ಎಷ್ಟೋ ಮನೆಗಳಲ್ಲಿ ಬಾಟಲಿ ಮೂಲೆಗೆ ಹೋಗುತ್ತದೆ. ಕಪ್ಪಾಗೋದು ಸಹಜ, ಗಾಬರಿ ಬೇಡ. ಹಾಲಿನ ಜೊತೆ ಕೊಡಬೇಡಿ. ಜ್ವರ ಇದ್ದಾಗ ನಿಲ್ಲಿಸಿ ಕೇಳಿ. ಮಕ್ಕಳ ಕೈಗೆ ಸಿಗದ ಹಾಗೆ ಇಡಿ, ಜಾಸ್ತಿ ಕುಡಿದರೆ ಪ್ರಾಣಕ್ಕೇ ಅಪಾಯ.

ಅಂಗಡಿಯವರ ಪಾತ್ರವೂ ಇದೆ

ಮಗು ಅಳುತ್ತಾ ಬಂದರೆ ಕೈಗೆ ಸಿಗೋದು ಐದು ರೂಪಾಯಿಯ ಪ್ಯಾಕೆಟ್. ಹುರಿಗಡಲೆ, ಹೆಸರುಬೇಳೆ, ಮೊಳಕೆ ರಾಗಿ ಹಿಟ್ಟಿನ ಸಣ್ಣ ಪೊಟ್ಟಣಗಳು ಎದುರಿಗೇ ಕಾಣುವಂತಿದ್ದರೆ ಕೇಳುವವರು ಇದ್ದೇ ಇರುತ್ತಾರೆ. ಇನ್ನು ಕಾನೂನಿನ ಮಾತು: ಎರಡು ವರ್ಷದೊಳಗಿನ ಮಕ್ಕಳ ಹಾಲಿನ ಪುಡಿ, ಶಿಶು ಆಹಾರ, ಹಾಲಿನ ಬಾಟಲಿ ಮಾರಬಹುದು. ಆದರೆ 1992ರ ಕಾಯ್ದೆ ಮತ್ತು 2003ರ ತಿದ್ದುಪಡಿ ಪ್ರಕಾರ ಅವುಗಳಿಗೆ ಜಾಹೀರಾತು ಹಾಕುವಂತಿಲ್ಲ, ಉಡುಗೊರೆಯ ಆಮಿಷ ಒಡ್ಡುವಂತಿಲ್ಲ.

ಯಾವಾಗ ತೋರಿಸಬೇಕು?

ಕಣ್ಣಿನ ಕೆಳರೆಪ್ಪೆಯ ಒಳಭಾಗ, ಅಂಗೈ ಬಿಳಿಚಿದ್ದರೆ, ಮಗು ಆಟ ಬಿಟ್ಟು ಸುಮ್ಮನೆ ಕೂತಿದ್ದರೆ, ಪದೇ ಪದೇ ಮಣ್ಣು, ಸುಣ್ಣ, ಸೀಮೆಸುಣ್ಣ ತಿನ್ನುತ್ತಿದ್ದರೆ ಗದರಿ ಸುಮ್ಮನಾಗಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಮಣ್ಣು ತಿನ್ನೋದು ಬರೀ ತುಂಟತನ ಅಲ್ಲದೇ ಇರಬಹುದು, ಕಬ್ಬಿಣಾಂಶದ ಕೊರತೆಯ ಲಕ್ಷಣವೂ ಆಗಿರಬಹುದು.

ಮುಂದಿನ ಸಲ ಬಸ್ಸಾರಿಗೆ ಬಸಿಯುವಾಗ, ಖಾರ, ಒಗ್ಗರಣೆಗೆ ಮುಂಚೆಯೇ ಎರಡು ಚಮಚ ಸೊಪ್ಪು-ಕಾಳು ಮಗುವಿನ ಬಟ್ಟಲಿಗೆ ತೆಗೆದಿಡಿ. ಹಿಸುಕಿ, ನಿಂಬೆ ಹಿಂಡಿ, ಅನ್ನಕ್ಕೆ ಕಲಸಿ. ಇದಕ್ಕೆ ಬೇರೆ ಅಡುಗೆ ಬೇಕಿಲ್ಲ, ಬೇರೆ ಖರ್ಚೂ ಇಲ್ಲ.