ಗೋಲುಕಂಬಗಳ ನಡುವೆ ಒಬ್ಬ ಮನುಷ್ಯ

ವಿಶ್ವಕಪ್ ಕಾಲ್ಚೆಂಡು ಪಂದ್ಯಾವಳಿಯನ್ನು ಅನುಸರಿಸುವುದೆಂದರೆ ನಮ್ಮಂಥವರಿಗೆ ಮುಖ್ಯವಾಗಿ ನಿದ್ದೆಗೆಡುವುದು. ಆಟ ನಡೆಯುವುದು ಎಲ್ಲೋ, ಆಡುವವರು ಯಾರೋ, ನಮ್ಮ ದೇಶದ ತಂಡವಂತೂ ಅಲ್ಲಿಲ್ಲ. ಆದರೂ ನಾಲ್ಕು ವರ್ಷಕ್ಕೊಮ್ಮೆ, ಒಂದು ತಿಂಗಳ ಕಾಲ, ಯಾವುದೋ ಒಂದು ದೇಶವನ್ನು ನಮ್ಮದೆಂದು ಭಾವಿಸಿಕೊಂಡು ಅದರ ಗೆಲುವಿಗೆ ಹಿಗ್ಗುತ್ತೇವೆ, ಸೋಲಿಗೆ ಕುಗ್ಗುತ್ತೇವೆ. ನಾನು ಹಾಗೆ ನನ್ನದೆಂದುಕೊಂಡದ್ದು ಬ್ರೆಜಿಲ್ ದೇಶವನ್ನು.

1986ರ ಜೂನ್ 21. ಮೆಕ್ಸಿಕೋದ ಗ್ವಾದಲಹಾರ ನಗರದಲ್ಲಿ ಬ್ರೆಜಿಲ್ಲಿಗೂ ಫ್ರಾನ್ಸಿಗೂ ಕ್ವಾರ್ಟರ್ ಫೈನಲ್ ಪಂದ್ಯ. ಅಲ್ಲಿ ನಡುಹಗಲು, ನಮಗೆ ನಡುರಾತ್ರಿ. ನೆರೆಮನೆಯ ಟೆಲಿವಿಷನ್ ಮುಂದೆ ಹತ್ತು ಹದಿನೈದು ಜನ ಕುಳಿತಿದ್ದೆವು. ಎರಡು ಕಡೆಗೂ ಒಂದೊಂದು ಗೋಲಾಗಿತ್ತು. ಬದಲಿ ಆಟಗಾರನಾಗಿ ಆಗತಾನೆ ಒಳಬಂದಿದ್ದ ಜೀಕೋ ಪೆನಾಲ್ಟಿ ಒದ್ದ. ಫ್ರಾನ್ಸಿನ ಗೋಲ್‌ಕೀಪರ್ ಬಾತ್ಸ್ ಅದನ್ನು ತಡೆದುಬಿಟ್ಟ. ಕೊನೆಗೆ ಪೆನಾಲ್ಟಿ ಒದೆತಗಳಲ್ಲಿ ಫ್ರಾನ್ಸ್ 4-3ರಿಂದ ಗೆದ್ದಿತು. ಆ ರಾತ್ರಿ ನಾನು ಜೀಕೋನನ್ನು ಕುರಿತು ಆಡಿದ ಮಾತುಗಳನ್ನು ಈ ಮೈಕಿನ ಮುಂದೆ ಮತ್ತೆ ಆಡಲಾರೆ. ಮುಂದೆ ಕೆಲವು ವರ್ಷಗಳಾದ ಮೇಲೆ ಬಾರ್ಬೋಸಾ ಎಂಬ ಇನ್ನೊಬ್ಬ ಬ್ರೆಜಿಲ್ ಆಟಗಾರನ ಕಥೆ ತಿಳಿಯಿತು. ಆಮೇಲೆ ಆ ಮಾತುಗಳ ನೆನಪಾದಾಗಲೆಲ್ಲ ನನಗೆ ನಾಚಿಕೆಯಾಗಿದೆ.

ಆ ಕಥೆ 1950ರದು. ಯುದ್ಧದ ಕಾರಣ 1942ರಲ್ಲೂ 1946ರಲ್ಲೂ ವಿಶ್ವಕಪ್ ನಡೆದಿರಲಿಲ್ಲ. ಹನ್ನೆರಡು ವರ್ಷಗಳ ತರುವಾಯ ಅದು ಬ್ರೆಜಿಲ್ಲಿಗೆ ಬಂದಿತು. ಅದಕ್ಕಾಗಿಯೇ ರಿಯೋ ನಗರದಲ್ಲಿ ಮರಕಾನಾ ಎಂಬ ಬೃಹತ್ ಕ್ರೀಡಾಂಗಣ ಎದ್ದು ನಿಂತಿತು. ಆ ಪಂದ್ಯಾವಳಿಯಲ್ಲಿ ನಮಗೂ ಒಂದು ಸ್ಥಾನವಿತ್ತೆಂಬುದು ಹಲವರಿಗೆ ತಿಳಿಯದು. ಇಟಲಿ, ಸ್ವೀಡನ್, ಪರಾಗ್ವೆಗಳ ಗುಂಪಿನಲ್ಲಿ ಭಾರತದ ಹೆಸರಿತ್ತು. ಆದರೆ ನಮ್ಮವರು ಹೋಗಲಿಲ್ಲ. ಬರಿಗಾಲಲ್ಲಿ ಆಡಲು ಬಿಡಲಿಲ್ಲವೆಂದು ಹೋಗಲಿಲ್ಲ ಎಂಬ ಮಾತು ಬಹಳ ಕಾಲ ಚಲಾವಣೆಯಲ್ಲಿತ್ತು. ಕಾರಣ ಅದಲ್ಲವೆಂದೂ, ಒಲಿಂಪಿಕ್ಸ್‌ಗೆ ಇದ್ದ ಬೆಲೆ ಆಗ ನಮ್ಮವರ ಕಣ್ಣಿನಲ್ಲಿ ವಿಶ್ವಕಪ್‌ಗೆ ಇರಲಿಲ್ಲವೆಂದೂ ಶೈಲೇನ್ ಮನ್ನಾ ಅವರು ಮುಂದೆ ಹೇಳಿದ್ದಾರೆ.

ಅಂದಿನ ಪಂದ್ಯಾವಳಿಯ ರಚನೆಯೂ ವಿಚಿತ್ರ. ಫೈನಲ್ ಎಂಬ ಪಂದ್ಯವೇ ಇರಲಿಲ್ಲ. ಮೊದಲ ಸುತ್ತಿನಲ್ಲಿ ಗೆದ್ದ ನಾಲ್ಕು ತಂಡಗಳು ಒಂದರೊಡನೊಂದು ಆಡಬೇಕು. ಗೆದ್ದರೆ ಎರಡು ಅಂಕ, ಸಮವಾದರೆ ಒಂದು. ಹೆಚ್ಚು ಅಂಕ ಪಡೆದವರಿಗೆ ಕಪ್. ಬ್ರೆಜಿಲ್ ಸ್ವೀಡನ್ನನ್ನು 7-1ರಿಂದಲೂ ಸ್ಪೇನನ್ನು 6-1ರಿಂದಲೂ ಸೋಲಿಸಿ ನಾಲ್ಕು ಅಂಕ ಗಳಿಸಿತ್ತು. ಪುಟ್ಟ ದೇಶ ಉರುಗ್ವೆ ಸ್ಪೇನಿನೊಡನೆ ಸಮ ಮಾಡಿಕೊಂಡು, ಸ್ವೀಡನ್ನನ್ನು ಹೇಗೋ ಗೆದ್ದು ಮೂರು ಅಂಕದಲ್ಲಿತ್ತು. ಜುಲೈ 16ರಂದು ಇವೆರಡಕ್ಕೂ ಕೊನೆಯ ಪಂದ್ಯ. ಬ್ರೆಜಿಲ್ ಗೆಲ್ಲಲೂಬೇಕಿಲ್ಲ, ಸೋಲದಿದ್ದರೆ ಸಾಕು. ಮರಕಾನಾದಲ್ಲಿ ಸುಮಾರು ಎರಡು ಲಕ್ಷ ಜನ ಸೇರಿದರು. ಉಳಿದ ದೇಶವೆಲ್ಲ ರೇಡಿಯೋ ಮುಂದೆ ಕುಳಿತಿತು.

ಉತ್ತರಾರ್ಧ ಆರಂಭವಾದ ಎರಡೇ ನಿಮಿಷದಲ್ಲಿ ಬ್ರೆಜಿಲ್ಲಿನ ಫ್ರಿಯಾಸಾ ಗೋಲು ಹೊಡೆದ. ಉರುಗ್ವೆಯ ನಾಯಕ ಒಬ್ದೂಲಿಯೋ ವರೇಲಾ ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು ನಿಧಾನವಾಗಿ ಹೋಗಿ, ಅದು ಆಫ್‌ಸೈಡ್ ಎಂದು ವಾದಕ್ಕೆ ನಿಂತ. ರೆಫರಿ ಇಂಗ್ಲೆಂಡಿನವನು, ವರೇಲಾನ ಮಾತು ಅವನಿಗೆ ತಿಳಿಯದು. ವಾದದಲ್ಲಿ ಗೆಲ್ಲಲಾರೆನೆಂಬುದು ವರೇಲಾನಿಗೂ ಗೊತ್ತಿತ್ತು. ಆ ಎರಡು ಲಕ್ಷ ಜನರ ಕೂಗು ತಣ್ಣಗಾಗಲಿ ಎಂಬುದಷ್ಟೇ ಅವನ ಎಣಿಕೆ.

ಮುಂದಿನದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಏಕೆಂದರೆ ಒಬ್ಬ ಮನುಷ್ಯನ ಇಡೀ ಬದುಕು ಆ ವಿವರದಲ್ಲಿದೆ. ಮೈದಾನದ ಅಂಚಿನಲ್ಲಿ ಚೆಂಡನ್ನು ನಡೆಸಿಕೊಂಡು ಬರುವ ಆಟಗಾರನಿಗೆ ಗೋಲಿನ ಸಮೀಪದಲ್ಲಿ ಎರಡು ದಾರಿಗಳಿರುತ್ತವೆ. ಒಂದು, ನಡುವೆ ಓಡಿ ಬರುತ್ತಿರುವ ಜೊತೆಗಾರನಿಗೆ ಚೆಂಡನ್ನು ದಾಟಿಸುವುದು. ಇನ್ನೊಂದು, ತನಗೆ ಹತ್ತಿರದ ಕಂಬಕ್ಕೂ ಗೋಲ್‌ಕೀಪರಿಗೂ ನಡುವೆ ಇರುವ ಸಣ್ಣ ಸಂದಿಗೆ ತಾನೇ ಒದೆಯುವುದು. ಮೊದಲನೆಯದೇ ಅಪಾಯಕರ; ಎರಡನೆಯದು ಬಲು ಕಠಿಣ. 66ನೆಯ ನಿಮಿಷದಲ್ಲಿ ಉರುಗ್ವೆಯ ಗಿಜ್ಜಾ ಬಲಗಡೆಯಿಂದ ನುಗ್ಗಿ ಬಂದು ಚೆಂಡನ್ನು ನಡುವಿಗೆ ಕೊಟ್ಟ. ಸ್ಕಿಯಾಫಿನೋ ಗೋಲು ಮಾಡಿದ. 79ನೆಯ ನಿಮಿಷದಲ್ಲಿ ಗಿಜ್ಜಾ ಅದೇ ದಾರಿಯಲ್ಲಿ ಮತ್ತೆ ಬಂದ. ಗೋಲ್‌ಕೀಪರ್ ಮೊವಾಸಿರ್ ಬಾರ್ಬೋಸಾ, ಚೆಂಡು ಈ ಸಲವೂ ನಡುವಿಗೇ ಬರುವುದೆಂದು ಎಣಿಸಿ, ಅದನ್ನು ತಡೆಯಲು ಕಂಬದಿಂದ ಒಂದು ಹೆಜ್ಜೆ ಈಚೆ ಬಂದ. ಬಲ್ಲ ಗೋಲ್‌ಕೀಪರ್ ಯಾರೇ ಆಗಿದ್ದರೂ ಹಾಗೆಯೇ ಎಣಿಸಬಹುದಾಗಿತ್ತು. ಗಿಜ್ಜಾ ಸಂದಿಗೆ ಒದ್ದ. ಉರುಗ್ವೆ 2, ಬ್ರೆಜಿಲ್ 1.

ಅಂದು ಮರಕಾನಾದಲ್ಲಿ ಕವಿದ ಮೌನವನ್ನು ಅಲ್ಲಿದ್ದವರಾರೂ ಮರೆಯಲಿಲ್ಲ. ಮರಕಾನಾದ ಸದ್ದಡಗಿಸಿದವರು ಮೂವರೇ—ಪೋಪ್ ಗುರುಗಳು, ಗಾಯಕ ಫ್ರಾಂಕ್ ಸಿನಾತ್ರಾ ಮತ್ತು ತಾನು—ಎಂದು ಗಿಜ್ಜಾ ಮುಂದೆ ಹೇಳುತ್ತಿದ್ದನಂತೆ. ವಿಶ್ವಕಪ್ಪಿನ ಜನಕ ಜೂಲ್ ರಿಮೇ, ಬ್ರೆಜಿಲ್ ತಂಡವನ್ನು ಅಭಿನಂದಿಸಲು ಸಿದ್ಧಮಾಡಿಕೊಂಡಿದ್ದ ಭಾಷಣವನ್ನು ಜೇಬಿನಲ್ಲೇ ಇಟ್ಟುಕೊಂಡು, ಯಾವ ಸಮಾರಂಭವೂ ಇಲ್ಲದೆ ವರೇಲಾನ ಕೈಗೆ ಕಪ್ ಇತ್ತರು. ದೂರದ ಬೌರು ಎಂಬ ಊರಿನಲ್ಲಿ ರೇಡಿಯೋ ಮುಂದೆ ತಂದೆ ಅಳುವುದನ್ನು ಕಂಡ ಒಂಬತ್ತು ವರ್ಷದ ಹುಡುಗನೊಬ್ಬ, ತಾನು ಆ ಕಪ್ಪನ್ನು ಗೆದ್ದು ತರುವೆನೆಂದು ಸಮಾಧಾನ ಹೇಳಿದ. ಎಂಟು ವರ್ಷಗಳ ಮೇಲೆ, 1958ರಲ್ಲಿ, ಆ ಹುಡುಗ ಮಾತು ಉಳಿಸಿಕೊಂಡ. ಅವನೇ ಪೆಲೆ.

ಸೋತ ಆ ದಿನ ಬ್ರೆಜಿಲ್ ತೊಟ್ಟಿದ್ದುದು ಬಿಳಿಯ ಅಂಗಿ. ಅಪಶಕುನವೆಂಬಂತೆ ಅದನ್ನು ಬಿಟ್ಟರು. ಹೊಸ ಉಡುಪಿಗಾಗಿ ಸ್ಪರ್ಧೆ ನಡೆಸಿ, ಇಂದು ಲೋಕವೇ ಬಲ್ಲ ಹಳದಿ ಅಂಗಿಯನ್ನು ಆರಿಸಿಕೊಂಡರು. ಅಂಗಿ ಬದಲಾಯಿತು, ಬಾರ್ಬೋಸಾನ ಮೇಲಿನ ಕೋಪ ಬದಲಾಗಲಿಲ್ಲ. ಆಡಿದವರು ಹನ್ನೊಂದು ಜನ. ದೂರು ಬಿದ್ದುದು ಮುಖ್ಯವಾಗಿ ಬಾರ್ಬೋಸಾ, ಬಿಗೋಡೆ, ಜುವೆನಾಲ್ ಎಂಬ ಮೂವರ ಮೇಲೆ. ಮೂವರೂ ಕಪ್ಪುವರ್ಣದವರೆಂಬುದನ್ನು ಮರೆಯುವಂತಿಲ್ಲ. ಅಂಗಡಿಯೊಂದರಲ್ಲಿ ತಾಯಿಯೊಬ್ಬಳು ಬಾರ್ಬೋಸಾನನ್ನು ತನ್ನ ಮಗನಿಗೆ ತೋರಿಸಿ, ಬ್ರೆಜಿಲ್ಲನ್ನೆಲ್ಲ ಅಳಿಸಿದವನು ಇವನೇ ಎಂದಳಂತೆ. ತನ್ನ ದೇಶದಲ್ಲಿ ಅಪರಾಧಕ್ಕೆ ಅತಿ ದೀರ್ಘವಾದ ಸೆರೆಯೆಂದರೆ ಮೂವತ್ತು ವರ್ಷ, ತಾನಾದರೋ ಐವತ್ತು ವರ್ಷದಿಂದ ಶಿಕ್ಷೆ ಅನುಭವಿಸುತ್ತಿದ್ದೇನೆ ಎಂದು ಅವನು ಮುಪ್ಪಿನಲ್ಲಿ ಹೇಳಿಕೊಂಡ. 2000ದ ಏಪ್ರಿಲ್‌ನಲ್ಲಿ ತೀರಿಕೊಂಡ.

ಆಲೋಚಿಸಿ ನೋಡಿ: ಒಂದು ಹೆಜ್ಜೆಗೆ ಐವತ್ತು ವರ್ಷ! ಅಷ್ಟು ಶಿಕ್ಷೆ ವಿಧಿಸಿದವರಾರು? ಯಾವ ನ್ಯಾಯಾಲಯವೂ ಅಲ್ಲ. ನನ್ನಂತೆ ಆಟ ನೋಡಿದವರು, ರೇಡಿಯೋ ಕೇಳಿದವರು. ಪ್ರತಿಯೊಬ್ಬರೂ ಆಡಿದ್ದು ಒಂದೆರಡು ಕಟುಮಾತು ಮಾತ್ರ; ಎಲ್ಲ ಒಟ್ಟುಗೂಡಿ ಒಬ್ಬನ ತಲೆಯ ಮೇಲೆ ಬಂಡೆಯಾಗಿ ಕುಳಿತಿತು. ಅಂದು ನೆರೆಮನೆಯಲ್ಲಿ ನಾನು ಆಡಿದ ಮಾತೂ ಅಂಥದೇ ಒಂದು ಕಲ್ಲು.

ಅದೇ ಸೋಲಿನ ರಾತ್ರಿ ಇನ್ನೊಂದು ಸಂಗತಿ ನಡೆಯಿತು. ಗೆದ್ದ ನಾಯಕ ವರೇಲಾ ತನ್ನ ತಂಡದ ಸಂಭ್ರಮವನ್ನು ಬಿಟ್ಟು ರಿಯೋ ನಗರದ ಪಾನಗೃಹಗಳಿಗೆ ಹೋದ. ಅಳುತ್ತಿದ್ದ ಬ್ರೆಜಿಲ್ ಜನರ ಜೊತೆ ಕುಳಿತು ಅವರ ದುಃಖದಲ್ಲಿ ಪಾಲುಗೊಂಡ. ಮೈದಾನದಲ್ಲಿ ಅವರನ್ನು ಎದುರಾಳಿಗಳೆಂದು ಕಂಡವನಿಗೆ ಹೊರಗೆ ಕಂಡದ್ದು ಬರಿಯ ಮನುಷ್ಯರು. ಆಟ ನೋಡುವವನು ಕಲಿಯಬೇಕಾದುದು ಅವನಿಂದ ಎಂದು ನನಗೆ ತೋರುತ್ತದೆ.

ಗಿಜ್ಜಾ 2015ರಲ್ಲಿ ತೀರಿಕೊಂಡ; ಅದೂ ಜುಲೈ 16ರಂದು, ಆ ಗೋಲಿಗೆ ಸರಿಯಾಗಿ ಅರವತ್ತೈದು ವರ್ಷ ತುಂಬಿದ ದಿನ. ಅಂದು ಮೈದಾನದಲ್ಲಿ ಆಡಿದವರಲ್ಲಿ ಕೊನೆಗೆ ಉಳಿದಿದ್ದವನು ಅವನೇ. ನಾನು ಈಗಲೂ ನಿದ್ದೆಗೆಡುತ್ತೇನೆ; ಬ್ರೆಜಿಲ್ ಸೋತರೆ ಈಗಲೂ ಸಂಕಟಪಡುತ್ತೇನೆ. ಒಂದೇ ವ್ಯತ್ಯಾಸ. ಗೋಲಾದಾಗ ಎಲ್ಲರೂ ಹೊಡೆದವನ ಕಡೆ ಓಡುತ್ತಾರಲ್ಲ, ಆ ಹೊತ್ತಿನಲ್ಲಿ ಬಲೆಯೊಳಗಿನ ಚೆಂಡನ್ನು ಬಗ್ಗಿ ಎತ್ತಿಕೊಳ್ಳುವ ಒಬ್ಬನಿರುತ್ತಾನೆ. ನನ್ನ ಕಣ್ಣು ಮೊದಲು ಅವನನ್ನು ಹುಡುಕುತ್ತದೆ.